ಎರಡು ಮಿಕ್ಸಿ ಸೇರಿದರೆ ಸದ್ದು ಎಷ್ಟು? ಡೆಸಿಬೆಲ್ ಲೆಕ್ಕ ಕಲಿಯೋಣ

ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದೆ, ಸದ್ದು 85 ಡೆಸಿಬೆಲ್ ಎಂದುಕೊಳ್ಳಿ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಮಿಕ್ಸಿ ಹಾಕಿದರೆ ಎಷ್ಟಾಗುತ್ತದೆ? 170 ಅಂತ ಹೇಳಬೇಡಿ. ಉತ್ತರ 88. ಈ ಒಂದು ಲೆಕ್ಕ ತಲೆಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ.

ಮೊದಲು ಅಳತೆಯ ಗುಟ್ಟು ತಿಳಿಯೋಣ. ನಮ್ಮ ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗೂ ಕಿವಿ ನೋಯಿಸುವ ಸದ್ದಿಗೂ ನಡುವೆ ಶಕ್ತಿಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಪಟ್ಟು ಅಂತರವಿದೆ. ಅಷ್ಟು ಸೊನ್ನೆಗಳನ್ನು ಬರೆಯುತ್ತಾ ಕೂರಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಈ ಅಳತೆ ಹತ್ತರ ಪಟ್ಟಿನಲ್ಲಿ ಏರುತ್ತದೆ. 10 ಡೆಸಿಬೆಲ್ ಜಾಸ್ತಿಯಾದರೆ ಸದ್ದಿನ ಶಕ್ತಿ 10 ಪಟ್ಟು. 20 ಜಾಸ್ತಿಯಾದರೆ 100 ಪಟ್ಟು. ಬರೀ 3 ಜಾಸ್ತಿಯಾದರೂ ಶಕ್ತಿ ಎರಡು ಪಟ್ಟು. ಟೆಲಿಫೋನ್ ತಂತಿಯಲ್ಲಿ ದನಿ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು 1920ರ ದಶಕದಲ್ಲಿ ಎಂಜಿನಿಯರುಗಳು ಇದನ್ನು ಬಳಕೆಗೆ ತಂದರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರಿನ ‘ಬೆಲ್’, ಅದರ ಹತ್ತನೇ ಒಂದು ಪಾಲು ಡೆಸಿಬೆಲ್.

ಸೊನ್ನೆ ಡೆಸಿಬೆಲ್ ಎಂದರೆ ಸದ್ದೇ ಇಲ್ಲ ಎಂದಲ್ಲ. ಆರೋಗ್ಯವಂತ ಎಳೆಯ ಕಿವಿಗೆ ಕಷ್ಟಪಟ್ಟು ಕೇಳುವಷ್ಟು ಸದ್ದು ಎಂದರ್ಥ.

ಈಗ ಕೆಲವು ಗುರುತುಗಳನ್ನು ನೆನಪಿಟ್ಟುಕೊಳ್ಳಿ. ಪಿಸುಮಾತು ಸುಮಾರು 30. ಒಂದು ಮೀಟರ್ ದೂರದಲ್ಲಿ ಕೂತು ಆಡುವ ಮಾತು 60. ವ್ಯಾಕ್ಯೂಮ್ ಕ್ಲೀನರ್ 75ರ ಆಸುಪಾಸು. ಮಿಕ್ಸಿ 85ರಿಂದ 90. ಹತ್ತಿರದಲ್ಲೇ ಹಾದುಹೋಗುವ ಆಂಬುಲೆನ್ಸ್ ಸೈರನ್ 110 ದಾಟುತ್ತದೆ.

ಆದರೆ ಕಿವಿಯನ್ನೇ ನಂಬಿ ಕೂರುವಂತಿಲ್ಲ. ಹತ್ತು ಮಿಕ್ಸಿ ಒಟ್ಟಿಗೆ ಹಾಕಿದರೆ 95 ಡೆಸಿಬೆಲ್. ಶಕ್ತಿ ಹತ್ತು ಪಟ್ಟಾಯಿತು. ನಮಗೆ ಅನಿಸುವುದು ಮಾತ್ರ ‘ಎರಡರಷ್ಟು ಜೋರಾಯ್ತು’ ಅಂತ, ಅಷ್ಟೇ. ಯಂತ್ರ ಕೊಳ್ಳುವಾಗ ‘ಮೂರೇ ಮೂರು ಡೆಸಿಬೆಲ್ ಜಾಸ್ತಿ’ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ನಿರಲು ಆಗುವುದಿಲ್ಲ. ಆ ಮೂರಕ್ಕೆ ಸದ್ದಿನ ಶಕ್ತಿ ದುಪ್ಪಟ್ಟಾಗಿರುತ್ತದೆ!

ಮುಂದಿನ ಹೆಜ್ಜೆ, ನೀವೇ ಅಳೆದು ನೋಡುವುದು. ಫೋನಿಗೆ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಸೆಟ್ಟಿಂಗ್‌ನಲ್ಲಿ ‘ಎ’ ತೂಕದ ಅಳತೆ (A-weighting ಅಥವಾ dBA ಎಂದು ಬರೆದಿರುತ್ತದೆ) ಇದ್ದರೆ ಅದನ್ನೇ ಆರಿಸಿ. ಮನುಷ್ಯರ ಕಿವಿ ಕೇಳುವ ರೀತಿಗೆ ಅದು ಹತ್ತಿರ. ಫೋನನ್ನು ಯಂತ್ರದ ಬಾಯಿಗೆ ಹಿಡಿಯಬೇಡಿ, ನಿಮ್ಮ ಕಿವಿ ಇರುವ ಜಾಗದಲ್ಲಿ ಹಿಡಿಯಿರಿ. ಬೆರಳು ಮೈಕ್ ಮುಚ್ಚದಿರಲಿ. ಒಂದು ನಿಮಿಷ ಬಿಟ್ಟು ಸರಾಸರಿ ನೋಡಿ. ತುಂಬಾ ಜೋರು ಸದ್ದಿನಲ್ಲಿ ಫೋನಿನ ಮೈಕ್ ಸೋಲುತ್ತದೆ, ಹಾಗಾಗಿ ಬಂದ ಅಂಕಿಯನ್ನು ಅಂದಾಜು ಎಂದೇ ತಿಳಿಯಿರಿ.

ಫೋನ್ ಇಲ್ಲವೇ? ತೋಳಳತೆಯ ದೂರದಲ್ಲಿರುವವರ ಜೊತೆ ದನಿ ಏರಿಸಿಯೇ ಮಾತಾಡಬೇಕಾಗಿ ಬಂದರೆ, ಅಲ್ಲಿನ ಗದ್ದಲ 85ರ ಹತ್ತಿರ ಇದೆ ಎಂದುಕೊಳ್ಳಬಹುದು.

ಅಂಕಿ ಸಿಕ್ಕಿತು. ಇನ್ನು ಹೊತ್ತಿನ ಲೆಕ್ಕ. ಕೆಲಸದ ಜಾಗಕ್ಕೆ ತಜ್ಞರು ಹೇಳುವ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್, ವಾರಕ್ಕೆ 40 ಗಂಟೆ.

ಇಷ್ಟು ಲೆಕ್ಕ ಯಾಕೆ ಎಂದರೆ, ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಒಂದೊಂದು ಕಿವಿಗೆ ಸುಮಾರು 15 ಸಾವಿರ ಮಾತ್ರ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚಲು ದನಿಯನ್ನು ಹಿಡಿಯುವ ಕೋಶಗಳು. ಆಗ ‘ಸ’, ‘ಶ’ದಂಥ ಅಕ್ಷರಗಳು ಮಸುಕಾಗುತ್ತವೆ. ದನಿ ಕೇಳುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ‘ಎಲ್ಲರೂ ಗೊಣಗುತ್ತಾರೆ’ ಅನಿಸತೊಡಗಿದರೆ ಕಿವಿ ಪರೀಕ್ಷೆ ಮಾಡಿಸಿ. ಗದ್ದಲದಿಂದ ಹೊರಬಂದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಆ ದಿನ ಮಿತಿ ಮೀರಿದೆ.

ತಗ್ಗಿಸುವುದು ಹೇಗೆ? ದೂರ ಹೋಗುವುದೇ ಎಲ್ಲಕ್ಕಿಂತ ಸುಲಭ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಇಷ್ಟು ಲಾಭ ಸಿಗುವುದಿಲ್ಲ.

ದೂರ ಹೋಗಲು ಆಗದಿದ್ದರೆ ಫೋಮ್ ಇಯರ್‌ಪ್ಲಗ್ ಬಳಸಿ. ಹತ್ತಿ ತುರುಕಿಕೊಂಡರೆ ಸಾಲದು. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ. ಆಮೇಲೆ ಒಂದು ಮಾತು ಆಡಿ ನೋಡಿ. ನಿಮ್ಮ ದನಿಯೇ ತಲೆಯೊಳಗೆ ಗುಡುಗಿದಂತೆ ಕೇಳಿಸಿದರೆ ಪ್ಲಗ್ ಸರಿಯಾಗಿ ಕೂತಿದೆ.