ಚಾರ್ಲ್ಸ್ ದ ಬೋಲ್ಡ್‌ನ ಕಥೆ ಓದೋದು ಹೇಗೆ? ಮೊದಲು ಪೆನ್ಸಿಲ್ ತಗೊಳ್ಳಿ

ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ನ ಜೀವನಚರಿತ್ರೆಯನ್ನು ಎರಡು ಸಲ ಅರ್ಧಕ್ಕೇ ಬಿಟ್ಟವನು ನಾನು. ಹುಟ್ಟಿದ್ದು 1433ರಲ್ಲಿ, ಸತ್ತದ್ದು 1477ರಲ್ಲಿ, ಆಳಿದ್ದು ಹತ್ತು ವರ್ಷವೂ ಪೂರ್ತಿ ಇಲ್ಲ. ಇಷ್ಟಕ್ಕೇ ತಲೆ ಕೆಟ್ಟು ಹೋಗಿತ್ತು. ಮೂರನೇ ಸಲ ಪೆನ್ಸಿಲ್ ಹಿಡಿದು ಕೂತ ಮೇಲೆ ದಾರಿ ಸಿಕ್ಕಿತು. ನೀವು ಮೊದಲ ಸಲವೇ ಹಾಗೆ ಮಾಡಿ.

ಮೊದಲ ಕೆಲಸ ನಕ್ಷೆ. ಚೆನ್ನಾಗಿ ಬರಬೇಕು ಅಂತೇನಿಲ್ಲ. ಕೆಳಗಡೆ, ಈಗಿನ ಪೂರ್ವ ಫ್ರಾನ್ಸಿನಲ್ಲಿ, ಡಿಜೋನ್ ಊರು ಗುರುತಿಸಿ, ಅದರ ಸುತ್ತ ಬರ್ಗಂಡಿ, ಪಕ್ಕದಲ್ಲಿ ಫ್ರಾಂಶ್-ಕೋಂಟೆ. ಮೇಲ್ಗಡೆ ಫ್ಲಾಂಡರ್ಸ್, ಬ್ರಬಾಂಟ್, ಹಾಲೆಂಡ್, ಲಕ್ಸೆಂಬರ್ಗ್. ಇವೆಲ್ಲ ಅವನವು. ನಡುವೆ ಲೊರೇನ್ ಮತ್ತು ಅಲ್ಸಾಸ್ ಬರುತ್ತವೆ, ಅವು ಅವನವಲ್ಲ. ಈಗ ಬಣ್ಣ ಹಾಕಿ. ಬರ್ಗಂಡಿ ಡಚಿ (ಅಂದರೆ ಡ್ಯೂಕ್ ಆಳುವ ನಾಡು) ಮತ್ತು ಫ್ಲಾಂಡರ್ಸ್‌ನ ಬಹುಪಾಲಿಗೆ ಫ್ರಾನ್ಸ್ ರಾಜ ಒಡೆಯ, ಉಳಿದದ್ದರಲ್ಲಿ ಹೆಚ್ಚಿನದಕ್ಕೆ ಜರ್ಮನ್ ಚಕ್ರವರ್ತಿ ಒಡೆಯ. ಅಂದರೆ ಬ್ರೂಜ್, ಗೆಂಟ್‌ನಂಥ ಶ್ರೀಮಂತ ಊರುಗಳ ದೊರೆಯಾದರೂ ಇವನು ರಾಜನಲ್ಲ, ತಲೆ ಮೇಲೆ ಇಬ್ಬರು ಇದ್ದಾರೆ, ಜೊತೆಗೆ ತನ್ನದೇ ಒಂದು ನಾಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬೇರೆಯವರ ನೆಲ ದಾಟಬೇಕು. ನನ್ನ ಕೇಳಿದರೆ ಆ ನಡುವಿನ ಖಾಲಿ ಜಾಗದಲ್ಲೇ ಇಡೀ ಕಥೆ ಇದೆ.

ಎರಡನೆಯದು ಹೆಸರಿನ ಗೊಂದಲ. ಅಪ್ಪ ಫಿಲಿಪ್ ದ ಗುಡ್. ಮುತ್ತಜ್ಜ ಫಿಲಿಪ್ ದ ಬೋಲ್ಡ್, ಅಂದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಮುತ್ತಜ್ಜನೂ ಬೋಲ್ಡ್, ಇವನೂ ಬೋಲ್ಡ್! 1467ಕ್ಕೆ ಮೊದಲು ಇವನನ್ನೇ ‘ಶಾರೊಲೆಯ ಕೌಂಟ್’ ಅಂತ ಕರೆಯುತ್ತಾರೆ, ಬೇರೆ ಯಾರೋ ಅಂದುಕೊಳ್ಳಬೇಡಿ. ಮೊದಲ ಹೆಂಡತಿಯ ಅಪ್ಪ ಫ್ರಾನ್ಸಿನ ಏಳನೇ ಚಾರ್ಲ್ಸ್, ಇವನ ಮರಿಮಗ ಚಕ್ರವರ್ತಿ ಐದನೇ ಚಾರ್ಲ್ಸ್. ಪುಸ್ತಕದ ಕೊನೆಯ ಹಾಳೆಯಲ್ಲಿ ವಂಶವೃಕ್ಷ ಬರೆದಿಟ್ಟುಕೊಳ್ಳಿ.

ತಾರೀಖಿನಲ್ಲೂ ಒಂದು ಗುಂಡಿ ಇದೆ. ಆಗ ಅವನ ನಾಡುಗಳಲ್ಲಿ ಸಾಮಾನ್ಯವಾಗಿ ವರ್ಷ ಶುರುವಾಗುತ್ತಿದ್ದದ್ದು ಈಸ್ಟರ್‌ಗೆ. ಆ ಲೆಕ್ಕದಲ್ಲಿ ಅವನು ಸತ್ತ ಜನವರಿ ಇನ್ನೂ 1476. ಹಳೆಯ ಕಾಗದದಲ್ಲಿ ಒಂದು ವರ್ಷ ಕಮ್ಮಿ ಕಂಡರೆ ಗಾಬರಿ ಬೇಡ, ಜನವರಿಯಿಂದ ಈಸ್ಟರ್‌ವರೆಗಿನ ದಿನಗಳಿಗೆ ಒಂದು ಸೇರಿಸಿ ಓದಿ.

ಇನ್ನು ಕಥೆ ಹೇಳುತ್ತಿರುವವರು ಯಾರು ಅಂತ ನೋಡಿ. ಫಿಲಿಪ್ ದ ಕೊಮಿನ್ ಅನ್ನುವವನ ನೆನಪುಗಳು ಓದಲು ಬಲು ರುಚಿ. ಆದರೆ ಇವನು ಚಾರ್ಲ್ಸ್‌ನ ಹತ್ತಿರ ಕೆಲಸಕ್ಕಿದ್ದು, 1472ರಲ್ಲಿ ಶತ್ರು, ಫ್ರಾನ್ಸ್ ರಾಜ ಹನ್ನೊಂದನೇ ಲೂಯಿಯ ಕಡೆ ಓಡಿ ಹೋದವನು. ಬಿಟ್ಟು ಬಂದ ಯಜಮಾನ ದುಡುಕಿನವನು ಅಂತ ತೋರಿಸಿದಷ್ಟೂ ತನಗೆ ಅನುಕೂಲ, ಅಲ್ವಾ? ಹಾಗೇ ನೆನಪುಗಳನ್ನು ಬರೆದ ಇನ್ನೊಬ್ಬ ಒಲಿವಿಯೆ ದ ಲಾ ಮಾರ್ಶ್, ಚಾರ್ಲ್ಸ್ ಜೊತೆ ಕೊನೆವರೆಗೂ ಇದ್ದು, ಅವನ ಕೊನೆಯ ಯುದ್ಧ ನಡೆದ ನಾನ್ಸಿಯಲ್ಲಿ ಸೆರೆಸಿಕ್ಕ. ಇಬ್ಬರನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಹಾಗಂತ ಚಾರ್ಲ್ಸ್ ಪಾಪದವನು ಅಂತ ನಾನು ಹೇಳುತ್ತಿಲ್ಲ. 1468ರಲ್ಲಿ ಲಿಯೇಜ್ ಊರನ್ನು ಲೂಟಿ ಮಾಡಿ ಸುಟ್ಟವನು ಇವನೇ, ಅದೂ ಆ ಊರಿನವರಿಗೆ ಕುಮ್ಮಕ್ಕು ಕೊಟ್ಟಿದ್ದ ಲೂಯಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು.

1467ರಿಂದ 1472ರವರೆಗೆ ಬೇಗ ಓದಿದರೂ ನಡೆಯುತ್ತದೆ. ಇಂಗ್ಲೆಂಡ್ ರಾಜನ ತಂಗಿ ಮಾರ್ಗರೆಟ್ ಜೊತೆಗಿನ ಮದುವೆಯ ವೈಭವಕ್ಕೇ ಪುಟಗಟ್ಟಲೆ ಮೀಸಲಿಡುತ್ತಾರೆ, ಹಾರಿಸಿ. ಒಂದನ್ನು ಮಾತ್ರ ಬಿಡಬೇಡಿ: 1469ರಲ್ಲಿ ಆಸ್ಟ್ರಿಯಾದ ಸಿಗಿಸ್ಮುಂಡ್ 50,000 ರೈನ್ ಫ್ಲೋರಿನ್‌ಗೆ ಮೇಲಿನ ಅಲ್ಸಾಸನ್ನು ಇವನ ಹತ್ತಿರ ಅಡವಿಟ್ಟ. ನಕ್ಷೆ ನೋಡಿ, ಖಾಲಿ ಜಾಗ ಸ್ವಲ್ಪ ತುಂಬಿತು. ಸ್ವಿಸ್ ಜನರ ಜೊತೆ ಜಗಳಕ್ಕೆ ಬೀಜ ಬಿದ್ದದ್ದೂ ಅಲ್ಲೇ.

1473ರಿಂದ ನಿಧಾನ ಮಾಡಿ. ಆ ಶರತ್ಕಾಲದಲ್ಲಿ ಟ್ರಿಯರ್ ಊರಿನಲ್ಲಿ ಚಕ್ರವರ್ತಿ ಮೂರನೇ ಫ್ರೆಡೆರಿಕ್ ಇವನಿಗೆ ಕಿರೀಟ ಕೊಡುವ ಮಾತುಕತೆ. ಬದಲಿಗೆ ಚಾರ್ಲ್ಸ್‌ನ ಒಬ್ಬಳೇ ಮಗಳು ಮೇರಿ ಚಕ್ರವರ್ತಿಯ ಮಗನಿಗೆ. ಎಲ್ಲ ಸಿದ್ಧವಾಗಿತ್ತು. ನವೆಂಬರ್‌ನಲ್ಲಿ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಚಕ್ರವರ್ತಿ ದೋಣಿ ಹತ್ತಿ ಹೊರಟೇ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಇಲ್ಲಿ ಪುಸ್ತಕ ಮುಚ್ಚಿ ಐದು ನಿಮಿಷ ಯೋಚಿಸಿ, ಆಮೇಲಿನ ಹಟ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಮುಂದೆ ನಕ್ಷೆಯ ಮೇಲೆ ಬೆರಳಿಟ್ಟುಕೊಂಡೇ ಹೋಗಿ. 1474ರ ಜುಲೈನಿಂದ ಸುಮಾರು ಹನ್ನೊಂದು ತಿಂಗಳು ರೈನ್ ದಡದ ನಾಯ್ಸ್ ಊರಿಗೆ ಮುತ್ತಿಗೆ, ಊರು ಸಿಗಲಿಲ್ಲ. ಅಷ್ಟರಲ್ಲಿ ಸಹಾಯಕ್ಕೆ ಬಂದ ಇಂಗ್ಲೆಂಡಿನ ನಾಲ್ಕನೇ ಎಡ್ವರ್ಡ್‌ಗೆ ಲೂಯಿ 75,000 ಕ್ರೌನ್ ಕೊಟ್ಟು ವಾಪಸು ಕಳಿಸಿಬಿಟ್ಟ. ಲೂಯಿ ಕತ್ತಿಗಿಂತ ಜಾಸ್ತಿ ನಂಬಿದ್ದು ಹಣದ ಚೀಲವನ್ನೇ. 1475ರ ನವೆಂಬರ್‌ನಲ್ಲಿ ಚಾರ್ಲ್ಸ್ ಲೊರೇನ್ ಗೆದ್ದು ಅದರ ರಾಜಧಾನಿ ನಾನ್ಸಿಗೆ ಕಾಲಿಟ್ಟ. ಖಾಲಿ ಜಾಗ ತುಂಬಿಯೇಬಿಟ್ಟಿತ್ತು. ಅಲ್ಲಿಗೇ ನಿಂತಿದ್ದರೆ!

ನಿಲ್ಲಲಿಲ್ಲ. ಚಳಿಗಾಲದಲ್ಲೇ ಸ್ವಿಸ್ ನಾಡಿಗೆ ಹೊರಟ. ಗ್ರಾಂಸೋಂ ಕೋಟೆಯಲ್ಲಿ ಶರಣಾದ ನೂರಾರು ಜನರನ್ನು ನೇಣು ಹಾಕಿಸಿದ, ನೀರಿಗೆ ತಳ್ಳಿಸಿದ. 1476ರ ಮಾರ್ಚ್ 2ರಂದು ಅಲ್ಲೇ ಸೋತು ಡೇರೆ, ಫಿರಂಗಿ, ಒಡವೆ ಎಲ್ಲ ಬಿಟ್ಟು ಓಡಿದ. ಜೂನ್ 22ರಂದು ಮುರ್ಟೆನ್‌ನಲ್ಲಿ ಅವನ ಸೈನ್ಯದ ಸಾವಿರಾರು ಜನ ಸತ್ತರು. ಗ್ರಾಂಸೋಂನಲ್ಲಿ ಸೊತ್ತು ಕಳೆದುಕೊಂಡ, ಮುರ್ಟೆನ್‌ನಲ್ಲಿ ಧೈರ್ಯ, ನಾನ್ಸಿಯಲ್ಲಿ ರಕ್ತ ಅಂತ ಸ್ವಿಸ್ ಜನರಲ್ಲಿ ಒಂದು ಮಾತೇ ಇದೆ. ಮೂರು ಯುದ್ಧ ನೆನಪಿಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ನಾನ್ಸಿಯ ಅಧ್ಯಾಯ ಓದುವಾಗ ಸೈನ್ಯದ ಸಾಲುಗಳ ಚಿತ್ರದಲ್ಲಿ ಸಿಕ್ಕಿಕೊಳ್ಳಬೇಡಿ. ಹಿಮ, ಚಳಿ, ಕರಗಿಹೋದ ಸೈನ್ಯ, ಯುದ್ಧಕ್ಕೆ ಮೊದಲೇ ಪಕ್ಷ ಬಿಟ್ಟ ಇಟಲಿಯ ಬಾಡಿಗೆ ಸೇನಾಪತಿ ಕಂಪೊಬಾಸ್ಸೊ, ಇಷ್ಟು ಸಾಕು. 1477ರ ಜನವರಿ 5ರಂದು ಚಾರ್ಲ್ಸ್ ಬಿದ್ದ. ಎರಡು ದಿನದ ಮೇಲೆ ಹೆಣ ಬೆತ್ತಲಾಗಿ, ಮಂಜುಗಟ್ಟಿದ ನೀರಿನಲ್ಲಿ ಸಿಕ್ಕಿತು. ಮುಖ ಗುರುತು ಸಿಗದಂತೆ ಹಾಳಾಗಿತ್ತು, ಹಳೆಯ ಗಾಯದ ಗುರುತು ಮತ್ತು ಉದ್ದನೆಯ ಉಗುರು ನೋಡಿ ಇವನೇ ಅಂದರು.

ಆದರೆ ಅಲ್ಲಿಗೇ ಪುಸ್ತಕ ಮುಚ್ಚಬೇಡಿ, ಇನ್ನೊಂದು ಅಧ್ಯಾಯ ಓದಿ. ಲೂಯಿ ಬರ್ಗಂಡಿ ಡಚಿಯನ್ನು ನುಂಗಿದ. ಮೇರಿ ಅದೇ ಆಗಸ್ಟ್‌ನಲ್ಲಿ ಗೆಂಟ್‌ನಲ್ಲಿ ಮದುವೆಯಾದಳು. ವರ ಯಾರು ಗೊತ್ತಾ? ಟ್ರಿಯರ್‌ನಲ್ಲಿ ಮಾತಾಡಿದ್ದ ಅದೇ ಚಕ್ರವರ್ತಿಯ ಮಗ, ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್. ಈಗ ಪೆನ್ಸಿಲ್ ತಗೊಂಡು ನಕ್ಷೆಯ ಮೇಲ್ಗಡೆಯ ನಾಡುಗಳ ಮೇಲೆ ಹ್ಯಾಬ್ಸ್‌ಬರ್ಗ್ ಅಂತ ಬರೆಯಿರಿ.