ಮಾಳಿಗೆ ಮೇಲಿನ ಡಿಶ್‌ನಿಂದ ಕೈಯೊಳಗಿನ ಸ್ಟೀಮ್ ಡೆಕ್‌ಗೆ

ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ. ನಡುವೆ ಸುಮಾರು 20 ಕಿಲೋಮೀಟರ್ ಚಿಗರಿ ಬಸ್ಸಿನ ದಾರಿ. ಸಂಜೆ ಪಾಳಿ ಬಿದ್ದ ವಾರಗಳಲ್ಲಿ ಮನೆಯ ಟಿವಿ ನನ್ನ ಪಾಲಿಗೆ ಇಲ್ಲವೇ ಇಲ್ಲ. ಚಂದನ ವಾಹಿನಿಯಲ್ಲಿ ಒಳ್ಳೆಯ ಹಿಂದುಸ್ತಾನಿ ಗಾಯನ ಬಂದು ಹೋಗಿರುತ್ತಿತ್ತು. ಅವ್ವ ಮರುದಿನ "ನಿನ್ನಿ ಎಂಥಾ ಹಾಡಿದ್ರಂತಿ, ನೀ ಇರಬೇಕಾಗಿತ್ತು ನೋಡು" ಅನ್ನುತ್ತಿದ್ದಳು. ನನ್ನ ಚೀಲದಲ್ಲಿ ಯಾವಾಗಲೂ ಸ್ಟೀಮ್ ಡೆಕ್ ಇರುತ್ತದೆ. ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ಅದು, ಆದರೆ ಒಳಗಿರುವುದು ಪೂರ್ತಿ ಲಿನಕ್ಸ್. 7 ಇಂಚಿನ ಪರದೆ, ಒಳ್ಳೆಯ ಸ್ಪೀಕರು, ಹೆಡ್‌ಫೋನ್ ಚುಚ್ಚಲು ಜಾಗ. ಮನೆಯ ಡಿಶ್ ಹಿಡಿದ ಚಾನೆಲ್ಲನ್ನು ಇದರೊಳಗೆ ತರಬೇಕು ಎಂದು ಕೂತೆ. ಈಗ ಅದು ದಿನಾ ನಡೆಯುತ್ತಿದೆ. ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಆಪ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಪ್ರಸಾರ ಭಾರತಿಯ ವೇವ್ಸ್ ಆಪ್ 2024ರ ನವೆಂಬರ್‌ನಲ್ಲಿ ಬಂತು. ಫೋನಿನಲ್ಲಿ ದೂರದರ್ಶನ ನೋಡುವುದಷ್ಟೇ ಉದ್ದೇಶವಾದರೆ ಅದು ಸಾಕು, ಮುಂದೆ ಓದುವ ಅಗತ್ಯವೇ ಇಲ್ಲ. ನನಗೆ ಬೇಕಾಗಿದ್ದು ಮನೆಯ ಡಿಶ್‌ಗೆ ಬರುವ ಬೇರೆ ಚಾನೆಲ್‌ಗಳೂ ಸಿಗಬೇಕು, ನಾನಿಲ್ಲದಾಗ ರೆಕಾರ್ಡ್ ಆಗಬೇಕು, ಯಾವ ಕಂಪನಿಯ ಸರ್ವರೂ ನಡುವೆ ಇರಬಾರದು. ಕೊನೆಯದನ್ನು ನಾನು ಬಹಳ ಗಟ್ಟಿಯಾಗಿ ಹಿಡಿಯುತ್ತೇನೆ. ಈ ಯೋಚನೆ ಹೊಸದೇನಲ್ಲ. ಸೋನಿಯ ಪಿಎಸ್‌ಪಿಯಲ್ಲಿ 2005ರಲ್ಲೇ ಲೊಕೇಶನ್‌ಫ್ರೀ ಎಂಬ ಸೌಲಭ್ಯವಿತ್ತು. ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಆ 480×272 ಚುಕ್ಕಿಗಳ ಪುಟ್ಟ ಪರದೆಗೆ ಮನೆಯ ಟಿವಿ ಬರುತ್ತಿತ್ತು. ಅದೇ ವರ್ಷ ಬಂದ ಸ್ಲಿಂಗ್‌ಬಾಕ್ಸ್ ಇನ್ನೂ ಹೆಸರು ಮಾಡಿತು. 2022ರ ನವೆಂಬರ್‌ನಲ್ಲಿ ಅದರ ಕಂಪನಿ ಸರ್ವರ್ ಮುಚ್ಚಿತು, ಜನರ ಮನೆಯಲ್ಲಿ ಚಲೋ ಇದ್ದ ಪೆಟ್ಟಿಗೆಗಳೆಲ್ಲ ಅಂದಿಗೆ ನಿಂತುಹೋದವು. ಡಿಶ್ ನಮ್ಮದು, ಪೆಟ್ಟಿಗೆ ನಮ್ಮದು, ಇಂಟರ್ನೆಟ್ಟಿಗೆ ದುಡ್ಡು ಕೊಡುವವರು ನಾವು. ಹಾಗಿದ್ದ ಮೇಲೆ ದಾರಿಯೂ ನಮ್ಮದೇ ಇರಬೇಕು.

ಡಿಡಿ ಫ್ರೀ ಡಿಶ್, ಅಂದರೆ ದೂರದರ್ಶನದ ಉಚಿತ ಡಿಟಿಎಚ್, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತಿಂಗಳ ಬಾಡಿಗೆ ಇಲ್ಲ, ಹೆಚ್ಚಿನ ಚಾನೆಲ್‌ಗಳಿಗೆ ಕಾರ್ಡಿನ ಬೀಗವೂ ಇಲ್ಲ. ಉಪಗ್ರಹದ ಅಲೆಯಿಂದ ಚಾನೆಲ್ ಬಿಡಿಸಿಕೊಡುವ ಸಾಮಾನ್ಯ ಡಿವಿಬಿ-ಎಸ್2 ಟ್ಯೂನರ್ ಕೂಡ ಅವುಗಳನ್ನು ಹಿಡಿಯುತ್ತದೆ. ಬೀಗ ಹಾಕಿದ ಕೆಲವು ಚಾನೆಲ್‌ಗಳು ಇವೆ, ಅವುಗಳ ಗೊಡವೆಗೆ ನಾನು ಹೋಗಿಲ್ಲ. ದುಡ್ಡು ಕೊಡುವ ಡಿಟಿಎಚ್ ಪೆಟ್ಟಿಗೆಯ ಎಚ್‌ಡಿಎಂಐ ತಂತಿಯಿಂದ ಚಿತ್ರ ತೆಗೆಯಲು ಹೊರಟರೆ ಎಚ್‌ಡಿಸಿಪಿ ಎಂಬ ಕಾವಲು ಅಡ್ಡ ಬರುತ್ತದೆ. ಅದನ್ನು ಮುರಿಯುವ ದಾರಿ ಸರಿಯಲ್ಲ.

ಉಪಗ್ರಹ ಜಿಸ್ಯಾಟ್-15, ಪೂರ್ವಕ್ಕೆ 93.5 ಡಿಗ್ರಿಯಲ್ಲಿದೆ. ನಮ್ಮ ಹುಬ್ಬಳ್ಳಿ-ಧಾರವಾಡದಿಂದ ಲೆಕ್ಕ ಹಾಕಿದರೆ ಡಿಶ್ ಆಗ್ನೇಯಕ್ಕೆ, ದಿಕ್ಸೂಚಿಯಲ್ಲಿ 128 ಡಿಗ್ರಿ ಸುಮಾರಿಗೆ, ಮೇಲಕ್ಕೆ ಸುಮಾರು 62 ಡಿಗ್ರಿ ನೋಡಬೇಕು. ಇಷ್ಟು ಎತ್ತರಕ್ಕೆ ನೋಡುವುದರಿಂದ ಪಕ್ಕದ ಮನೆಯ ಗೋಡೆ, ತೆಂಗಿನ ಮರ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಡಿಶ್ ನಮ್ಮಲ್ಲಿ ಮೊದಲೇ ಇತ್ತು, ಬದಲಾಯಿಸಿದ್ದು ಅದರ ಮುಂದೆ ಕೂತು ಅಲೆ ಹಿಡಿಯುವ ಎಲ್‌ಎನ್‌ಬಿ ಮಾತ್ರ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಒಂದು ವೈರನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್. ಎಲ್‌ಎನ್‌ಬಿಗೆ ಪೆಟ್ಟಿಗೆಯಿಂದಲೇ ಕರೆಂಟು ಹೋಗುತ್ತದೆ. 13 ವೋಲ್ಟ್ ಕಳಿಸಿದರೆ ಲಂಬ ಅಲೆ, 18 ಕಳಿಸಿದರೆ ಅಡ್ಡ ಅಲೆ. ಒಂದೇ ಬಾಯಿಯ ಎಲ್‌ಎನ್‌ಬಿಗೆ ಎರಡು ಪೆಟ್ಟಿಗೆ ಕಟ್ಟಿದರೆ ಇಬ್ಬರು ಯಜಮಾನರು ಆಗುತ್ತಾರೆ. ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿಸಿದರೆ ಒಂದು ವೈರು ಟಿವಿಯ ಪೆಟ್ಟಿಗೆಗೆ, ಇನ್ನೊಂದು ನಮ್ಮ ಟ್ಯೂನರಿಗೆ. ಅಪ್ಪ ಏನೇ ನೋಡುತ್ತಿರಲಿ, ನನ್ನ ಕಡೆಯಿಂದ ಅವರಿಗೆ ತೊಂದರೆ ಇಲ್ಲ. ಮನೆಯಲ್ಲಿ ಈ ವ್ಯವಸ್ಥೆ ಉಳಿದುಕೊಂಡಿರುವುದಕ್ಕೆ ದೊಡ್ಡ ಕಾರಣ ಇದೇ.

ಟ್ಯೂನರ್ ಯುಎಸ್‌ಬಿಯದು, ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಚುಚ್ಚಿದ್ದೇನೆ. ತನ್ನದೇ ಕರೆಂಟಿನ ಅಡಾಪ್ಟರ್ ಇರುವ ಟ್ಯೂನರನ್ನೇ ತೆಗೆದುಕೊಳ್ಳಿ. ಪೈ 4ರ ಎಲ್ಲ ಯುಎಸ್‌ಬಿ ಕಿಂಡಿಗಳೂ ಸೇರಿ ಕೊಡುವುದು 1.2 ಆಂಪಿಯರ್, ಅದರಲ್ಲಿ ಎಲ್‌ಎನ್‌ಬಿಯನ್ನೂ ಸಾಕಲು ಆಗುವುದಿಲ್ಲ. ಹೊಸದಲ್ಲವೇ ಎಂದು ಪೈ 5 ಕೊಳ್ಳಬೇಡಿ. ಪೈ 4ರಲ್ಲಿ ಎಚ್.264 (ಕಡಿಮೆ ಡೇಟಾದಲ್ಲಿ ವಿಡಿಯೊ ಅಡಕುವ ರೂಪ) ವಿಡಿಯೊ ಕಟ್ಟುವ ಯಂತ್ರಾಂಶ ಚಿಪ್ಪಿನೊಳಗೇ ಇದೆ, ಪೈ 5ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ನಮ್ಮ ಕೆಲಸಕ್ಕೆ ಹಳೆಯದೇ ಮೇಲು.

ಪೈ ಮೇಲೆ ಟಿವಿಹೆಡೆಂಡ್ ಎಂಬ ಉಚಿತ ತಂತ್ರಾಂಶ ನಡೆಯುತ್ತದೆ. ಬ್ರೌಸರಿನಲ್ಲಿ 9981ನೇ ಪೋರ್ಟು ತೆರೆದು, ಟ್ಯೂನರನ್ನು ಉಪಗ್ರಹಕ್ಕೆ ಜೋಡಿಸಿ, ಸ್ಕ್ಯಾನ್ ಮಾಡಿದರೆ ಚಾನೆಲ್ ಪಟ್ಟಿ ಬರುತ್ತದೆ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರ್ (ಹಲವು ಚಾನೆಲ್‌ಗಳನ್ನು ಹೊತ್ತು ತರುವ ಉಪಗ್ರಹದ ಒಂದು ಅಲೆ) ಹಿಡಿಯುತ್ತದೆ. ಅದರೊಳಗಿನ ಚಾನೆಲ್‌ಗಳಲ್ಲಿ ಒಂದನ್ನು ನೋಡುತ್ತ ಇನ್ನೊಂದನ್ನು ರೆಕಾರ್ಡ್ ಮಾಡಬಹುದು. ಬೇರೆ ಟ್ರಾನ್ಸ್‌ಪಾಂಡರಿನದು ಬೇಕೆಂದರೆ ಎರಡನೇ ಟ್ಯೂನರ್ ಬೇಕು. ಮನೆಯೊಳಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಡೆಕ್‌ನಲ್ಲಿ ಕೋಡಿ ಎಂಬ ವಿಡಿಯೊ ನಡೆಸುವ ತಂತ್ರಾಂಶ ಹಾಕಿ ಟಿವಿಹೆಡೆಂಡ್ ಆಡ್‌ಆನ್ ಸೇರಿಸಿದರೆ ವೈಫೈ ಮೇಲೆ ಡಿಶ್‌ನ ಚಿತ್ರ ಬಂದದ್ದು ಬಂದಂತೆ ಕಾಣುತ್ತದೆ. ಅವ್ವ ಅಡುಗೆಮನೆಯಿಂದ ಬಂದು ನೋಡಿ, "ನಿನ್ನ ಆಟದ ಡಬ್ಬಿಯೊಳಗ ನಮ್ಮ ಟಿವಿ ಹ್ಯಾಂಗ ಬಂತೋ?" ಎಂದು ಕೇಳಿದ್ದಳು.

ಹೊರಗೆ ಒಯ್ಯುವಾಗ ಕಥೆ ಬೇರೆ. ಡಿಶ್‌ನಲ್ಲಿ ಬರುವ ಹೆಚ್ಚಿನ ಎಸ್‌ಡಿ ಚಾನೆಲ್‌ಗಳು ಹಳೆಯ ಎಂಪೆಗ್-2 ರೂಪದವು. 3 ಎಂಬಿಪಿಎಸ್ ಎಂದು ಹಿಡಿದರೂ ತಾಸಿಗೆ 1.35 ಜಿಬಿ. ಮೊಬೈಲ್ ಡೇಟಾದಲ್ಲಿ ಇದು ಮುರಿಯುವ ವ್ಯವಹಾರ. ಬಸ್ಸಿನಲ್ಲಂತೂ ಅಷ್ಟು ಡೇಟಾ ಒಂದೇ ಸಮ ಬರುವುದಿಲ್ಲ. ಮನೆಯಲ್ಲೇ ಎಚ್.264ಗೆ ಬದಲಾಯಿಸಿ ಚಿಕ್ಕದು ಮಾಡಿ ಕಳಿಸಬೇಕು. ಇದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಟಿವಿಹೆಡೆಂಡ್‌ನಿಂದ ಚಾನೆಲ್ಲನ್ನು ಎತ್ತಿಕೊಂಡು, ಬದಲಾಯಿಸಿ, 4 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಎಚ್‌ಎಲ್‌ಎಸ್ ರೂಪದಲ್ಲಿ ಇಡುತ್ತದೆ. ತುಣುಕುಗಳಾದ್ದರಿಂದ ಬಸ್ಸು ಸಿಗ್ನಲ್ ಇಲ್ಲದ ಕಡೆ ಸ್ವಲ್ಪ ದೂರ ಹೋದರೂ ಡೆಕ್ ಮೊದಲೇ ಎಳೆದುಕೊಂಡದ್ದನ್ನು ನಡೆಸುತ್ತಿರುತ್ತದೆ. ಮನೆಯ ಟಿವಿಗಿಂತ ಹಿಂದೆ ಉಳಿಯುತ್ತದೆ, ನಿಜ. ಕ್ರಿಕೆಟ್ ನೋಡುವವರು ಆ ಹೊತ್ತಿಗೆ ಮನೆಯವರ ಫೋನು ಎತ್ತದಿದ್ದರೆ ಆಯಿತು. ಈ ತುಣುಕುಗಳನ್ನು ಮೆಮೊರಿ ಕಾರ್ಡಿಗೆ ಬರೆಸಬೇಡಿ, ಪೈನ ರ‍್ಯಾಮಿನಲ್ಲೇ ಇಡಿ. ಕಾರ್ಡಿನ ಆಯುಷ್ಯ ಉಳಿಯುತ್ತದೆ.

ಇನ್ನು ಚಿತ್ರದ ವಿಷಯ. ನಮ್ಮ ಎಸ್‌ಡಿ ಪ್ರಸಾರ 720×576, ಅದೂ ಇಂಟರ್‌ಲೇಸ್. ಒಂದು ಚಿತ್ರದ ಸಾಲುಗಳು ಎರಡು ಪಾಲಾಗಿ, ಸೆಕೆಂಡಿಗೆ 50 ಪಾಲು ಬರುತ್ತವೆ. ಹಳೆಯ ಡಬ್ಬಾ ಟಿವಿಗೆ ಅದು ಸರಿ. ಡೆಕ್‌ನ ಪರದೆ ಒಮ್ಮೆಲೇ ಪೂರ್ತಿ ಚಿತ್ರ ತೋರಿಸುತ್ತದೆ, ಹಾಗಾಗಿ ಗಾಯಕರು ತಾನ್ ಹೊಡೆಯುತ್ತ ಕೈ ಎತ್ತಿದರೆ ಬೆರಳಿನ ಅಂಚಿಗೆಲ್ಲ ಗರಗಸದ ಹಲ್ಲು ಮೂಡುತ್ತವೆ. ಯಾಡಿಫ್ ಎಂಬ ಫಿಲ್ಟರ್ ಹಾಕಿದರೆ ಹೋಗುತ್ತದೆ. ಆದರೆ ಅದು ಚಿತ್ರವನ್ನು ಚಿಕ್ಕದು ಮಾಡುವುದಕ್ಕೆ ಮೊದಲು ನಡೆಯಬೇಕು. ಮೊದಲು ಚಿಕ್ಕದು ಮಾಡಿದರೆ ಎರಡೂ ಪಾಲಿನ ಸಾಲುಗಳು ಕಲಸಿಹೋಗುತ್ತವೆ, ಆಮೇಲೆ ಯಾವ ಫಿಲ್ಟರಿಗೂ ಬಿಡಿಸಲು ಬಾರದು. ಅಗಲದ ಲೆಕ್ಕವನ್ನೂ ನೋಡಬೇಕು. ಅದೇ 720×576 ಒಳಗೆ 16:9 ಚಿತ್ರವೂ ಬರುತ್ತದೆ, 4:3 ಚಿತ್ರವೂ ಬರುತ್ತದೆ, ಯಾವುದೆಂದು ಜೊತೆಗಿನ ಗುರುತು ಹೇಳುತ್ತದೆ. ಆ ಗುರುತು ನೋಡಿ 16:9 ಇದ್ದರೆ 640×360, 4:3 ಇದ್ದರೆ 480×360 ಮಾಡುತ್ತೇನೆ. ಇಲ್ಲದಿದ್ದರೆ ಮುಖಗಳು ಉದ್ದ ಆಗುತ್ತವೆ.

ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ದನಿ. ಡೇಟಾ ಉಳಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ಅದಕ್ಕೇ. 48 ಕೆಬಿಪಿಎಸ್ ಸಾಕು, 32 ಸಾಕು ಎನ್ನುತ್ತಾರೆ. ವಾರ್ತೆಗೆ ಸಾಕಾದೀತು. ವಿಲಂಬಿತ ಖಯಾಲಿಗೆ ಸಾಲದು. ತಾನಪುರದ ನಾದ ಎಂದರೆ ಒಂದರ ಮೇಲೊಂದು ಏರಿ ನಿಂತ ಸ್ವರಾಂಶಗಳ ರಾಶಿ. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಕಡಿಮೆ ಮಾಡಿದಾಗ ಎನ್‌ಕೋಡರ್ ಮೊದಲು ಎಸೆಯುವುದು ಮೇಲಿನ ಆ ಅಂಶಗಳನ್ನೇ. ಉಳಿದದ್ದು ಕಂಪಿಸುತ್ತದೆ, ನೀರೊಳಗಿಂದ ಬಂದಂತೆ ಕೇಳುತ್ತದೆ. ಗಾಯಕರು ಷಡ್ಜದ ಮೇಲೆ ನಿಂತು ಉಸಿರು ಹಿಡಿದಿರುವಾಗ ಹಿಂದಿನ ಶ್ರುತಿಯೇ ಅಲುಗಾಡಿದರೆ ಕೇಳುವುದೇನು? ಧಾರವಾಡದಲ್ಲಿ ಬೆಳೆದ ಕಿವಿ ಇದಕ್ಕೆ ಒಪ್ಪುವುದಿಲ್ಲ. ಅದಕ್ಕೇ ನಾನು ದನಿಗೆ ಎಎಸಿ ಎಂಬ ರೂಪದಲ್ಲಿ 128 ಕೆಬಿಪಿಎಸ್ ಕೊಟ್ಟು, ಚಿತ್ರಕ್ಕೆ 600 ಮಾತ್ರ ಬಿಟ್ಟಿದ್ದೇನೆ. ಎರಡೂ ಸೇರಿ ತಾಸಿಗೆ ಸುಮಾರು 330 ಎಂಬಿ. ಹಾಡುವವರು ಕೂತಲ್ಲೇ ಕೂತಿರುತ್ತಾರೆ, ಹಿಂದಿನ ಪರದೆ ಅಲುಗುವುದಿಲ್ಲ, ಹೀಗಾಗಿ 600ರಲ್ಲೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಕ್ರಿಕೆಟ್ಟಿಗೆ ಉಲ್ಟಾ: ದನಿ 64 ಸಾಕು, ಚಿತ್ರಕ್ಕೆ 1000 ಬೇಕು. ಎರಡಕ್ಕೂ ಬೇರೆ ಬೇರೆ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಡಿಶ್‌ನಿಂದ ಬಂದ ಮೂಲ ದನಿಯನ್ನು ಮುಟ್ಟದೆ ಹಾಗೆಯೇ ಕಳಿಸುವುದೂ ಒಂದು ದಾರಿ, ಡೇಟಾ ಸಾಕಷ್ಟಿದ್ದವರು ಅದನ್ನೇ ಮಾಡಿ.

ಮನೆಗೆ ತಲುಪುವ ದಾರಿಗೆ ವೈರ್‌ಗಾರ್ಡ್, ಅಂದರೆ ಹೊರಗಿನಿಂದ ಮನೆಯ ಜಾಲಕ್ಕೆ ಬೀಗ ಹಾಕಿದ ಸುರಂಗ ಕಟ್ಟುವ ತಂತ್ರಾಂಶ. ಊರಲ್ಲಿ ಸಿಗುವ ಬಹಳಷ್ಟು ಫೈಬರ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಐಪಿವಿ4 ವಿಳಾಸ ಕೊಟ್ಟಿರುತ್ತಾರೆ, ಹೊರಗಿನಿಂದ ನಿಮ್ಮ ಮನೆಯ ಬಾಗಿಲು ಬಡಿಯಲು ಆಗುವುದಿಲ್ಲ. ನಮ್ಮ ಸಂಪರ್ಕದಲ್ಲೂ ಹಾಗೇ ಇದೆ, ಆದರೆ ಜೊತೆಗೆ ಐಪಿವಿ6 (ಪ್ರತಿ ಯಂತ್ರಕ್ಕೂ ತನ್ನದೇ ವಿಳಾಸ ಸಿಗುವ ಹೊಸ ಪದ್ಧತಿ) ಕೊಡುತ್ತಾರೆ. ನನ್ನ ಫೋನಿನ ಹಾಟ್‌ಸ್ಪಾಟ್ ಕೂಡ ಡೆಕ್‌ಗೆ ಐಪಿವಿ6 ವಿಳಾಸ ಹಂಚುತ್ತದೆ. ಎರಡೂ ಕಡೆ ಇದ್ದ ಮೇಲೆ ಮಧ್ಯಸ್ಥರು ಬೇಡ. ರೌಟರಿನ ಫೈರ್‌ವಾಲಿನಲ್ಲಿ ಪೈಗೆ ಯುಡಿಪಿ 51820 ಒಂದನ್ನೇ ಬಿಟ್ಟಿದ್ದೇನೆ. ವಿಳಾಸ ಬದಲಾದಾಗ ಪೈ ತಾನೇ ಡೈನಮಿಕ್ ಡಿಎನ್‌ಎಸ್ ಹೆಸರಿಗೆ ಹೊಸ ವಿಳಾಸ ತಿಳಿಸುತ್ತದೆ. ಟಿವಿಹೆಡೆಂಡ್‌ನ 9981 ಪೋರ್ಟನ್ನು ನೇರವಾಗಿ ಲೋಕಕ್ಕೆ ತೆರೆಯಬೇಡಿ, ಪಾಸ್‌ವರ್ಡ್ ಇಟ್ಟಿದ್ದರೂ ಬೇಡ. ಸಂಪರ್ಕ ಆಯಿತು, ಪಟ್ಟಿ ಬಂತು, ಚಿತ್ರ ಮಾತ್ರ ಬರುತ್ತಿಲ್ಲ ಎಂದಾದರೆ ವೈರ್‌ಗಾರ್ಡ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ ನೋಡಿ. ತಾನಾಗಿ 1420 ಇರುತ್ತದೆ, ಮೊಬೈಲ್ ಜಾಲದಲ್ಲಿ ದೊಡ್ಡ ಪ್ಯಾಕೆಟ್‌ಗಳು ನಡುವೆಯೇ ಬಿದ್ದುಹೋಗುವುದುಂಟು. 1280ಕ್ಕೆ ಇಳಿಸಿದ ಮೇಲೆ ನನಗೆ ಸರಾಗವಾಯಿತು.

ಡೆಕ್‌ನಲ್ಲಿ ಮಾಡಬೇಕಾದದ್ದು ಕಡಿಮೆ. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಡಿಸ್ಕವರ್ ಅಂಗಡಿಯಿಂದ ಕೋಡಿ ಹಾಕಿಕೊಳ್ಳಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ವೈರ್‌ಗಾರ್ಡ್ ಕಡತ ಸೇರಿಸಿ, ಕೋಡಿಯನ್ನು ಸ್ಟೀಮ್ ಪಟ್ಟಿಗೆ ಹೊರಗಿನ ಆಟವೆಂದು ಸೇರಿಸಿ. ಮುಂದೆಲ್ಲ ಗೇಮ್ ಮೋಡ್‌ನಲ್ಲೇ, ಗುಂಡಿಗಳಿಂದಲೇ ಚಾನೆಲ್ ಬದಲಾಯಿಸಬಹುದು. ಟಿಡಿಪಿ (ಚಿಪ್ಪು ಬಳಸುವ ಕರೆಂಟು) ಮಿತಿಯನ್ನು 4 ವ್ಯಾಟ್‌ಗೆ ಇಳಿಸಿ. ಟಿವಿ ನೋಡಲು 15 ವ್ಯಾಟ್ ಬೇಕಿಲ್ಲ, ಫ್ಯಾನಿನ ಸದ್ದೂ ನಿಲ್ಲುತ್ತದೆ.

ಕರೆಂಟಿನದೂ ಒಂದು ಮಾತು. ಹೆಸ್ಕಾಂ ಕರೆಂಟು ಹೋದಾಗ ಪೈ, ಟ್ಯೂನರ್, ರೌಟರ್ ಮೂರೂ ಒಟ್ಟಿಗೆ ಉಳಿಯಬೇಕು, ಒಂದು ಆರಿದರೂ ಉಳಿದವು ಇದ್ದು ಪ್ರಯೋಜನವಿಲ್ಲ. 5 ಮತ್ತು 12 ವೋಲ್ಟ್ ಎರಡನ್ನೂ ಕೊಡುವ ಚಿಕ್ಕ ಡಿಸಿ ಯುಪಿಎಸ್ ಹಾಕಿದ್ದೇನೆ. ರೆಕಾರ್ಡಿಂಗ್ ಎಲ್ಲ ಯುಎಸ್‌ಬಿ ಎಸ್‌ಎಸ್‌ಡಿಗೆ ಹೋಗುತ್ತದೆ. ಮಳೆಗೆ ಮಾತ್ರ ಯಾವ ಉಪಾಯವೂ ಇಲ್ಲ. ಆಷಾಢದಲ್ಲಿ ಕಪ್ಪು ಮೋಡ ಕಟ್ಟಿ ಸುರಿಯುವಾಗ ಕೆಯು ಬ್ಯಾಂಡಿನ ಅಲೆ ನೀರಲ್ಲೇ ಇಂಗುತ್ತದೆ. ಡಿಶ್ ಒಂದು ಅಳತೆ ದೊಡ್ಡದು ಹಾಕಿಸಿ, ಕನೆಕ್ಟರಿಗೆ ನೀರು ಹೋಗದಂತೆ ರಬ್ಬರ್ ಟೇಪು ಸುತ್ತಿದರೆ ಸಾಧಾರಣ ಮಳೆಯನ್ನು ತಡೆದುಕೊಳ್ಳುತ್ತದೆ. ಮಂಗ್ಯಾಗಳ ಕಾಟ ಇರುವ ಓಣಿಯಾದರೆ ವೈರನ್ನು ಪೈಪಿನೊಳಗೆ ಇಳಿಸಿ.

ಈಗೀಗ ನೇರ ನೋಡುವುದಕ್ಕಿಂತ ರೆಕಾರ್ಡಿಂಗೇ ಹೆಚ್ಚು. ರಾತ್ರಿ ಪೈ ರೆಕಾರ್ಡ್ ಮಾಡಿದ್ದನ್ನು ಬೆಳಗಾಗುವುದರೊಳಗೆ ಚಿಕ್ಕದು ಮಾಡಿ ಇಟ್ಟಿರುತ್ತದೆ. ಮನೆ ಬಿಡುವ ಮೊದಲು ವೈಫೈಯಲ್ಲೇ ಡೆಕ್‌ಗೆ ಇಳಿಸಿಕೊಂಡರೆ ಬಸ್ಸಿನಲ್ಲಿ ಡೇಟಾ ಖರ್ಚೇ ಇಲ್ಲ. ಗಾಯನಕ್ಕೆ ಇದೇ ಒಳ್ಳೆಯದು, ನಡುವೆ ಎಲ್ಲೂ ಕಡಿಯುವುದಿಲ್ಲ. ಅವ್ವ ಗದಗಿನ ಅಕ್ಕನ ಮನೆಗೆ ಹೋದಾಗ ಡೆಕ್ ಅವಳ ಕೈಯಲ್ಲೇ ಹೋಗುತ್ತದೆ. ಅಲ್ಲಿಯ ವೈಫೈಯಲ್ಲಿ ಐಪಿವಿ6 ಇಲ್ಲ, ಅಕ್ಕನ ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ ನಡೆಯುತ್ತದೆ.

ಓಣಿಯವರು ಕೆಲವರು "ನಮಗೂ ಆ ಲಿಂಕ್ ಕಳಸ್ರಲಾ" ಎಂದು ಕೇಳಿದ್ದಾರೆ. ಕಳಿಸುವುದಿಲ್ಲ. ನಮ್ಮ ಡಿಶ್ ನಮ್ಮ ಮನೆಯವರು ನೋಡಲಿಕ್ಕೆ, ಊರಿಗೆ ಹಂಚಿದರೆ ಅದು ಮರುಪ್ರಸಾರ. ಸ್ವಂತ ಡಿಶ್ ಇದ್ದವರು ರವಿವಾರ ಮನೆಗೆ ಬಂದರೆ ನನ್ನ ಸ್ಕ್ರಿಪ್ಟ್ ಕೊಟ್ಟು, ಜೊತೆಗೆ ಕೂತು ಹಾಕಿಕೊಡುತ್ತೇನೆ.