ಡಿಗ್ರಿ ಇಲ್ಲದೆ ಕತಾರಿಗೆ: ಪೈಪ್ ವೆಲ್ಡರ್ ಆಗಿ ನನ್ನ ಅನುಭವ

ರಜೆಯಲ್ಲಿ ಕಾರವಾರ ಪಕ್ಕದ ನನ್ನೂರು ಸದಾಶಿವಗಡಕ್ಕೆ ಬಂದಾಗಲೆಲ್ಲ ಊರ ಹುಡುಗರದ್ದು ಒಂದೇ ಪ್ರಶ್ನೆ: "ಅಣ್ಣಾ, ವೀಸಾ ಎಷ್ಟಕ್ಕೆ ಸಿಕ್ತು?" ನಾನು ಯಾರಿಂದಲೂ ವೀಸಾ ಕೊಂಡಿಲ್ಲ. ಕೆಲಸದ ವೀಸಾ ತೆಗೆಯುವುದು ಕೆಲಸ ಕೊಡುವ ಕಂಪನಿ. ಆ ಕಂಪನಿಗೆ ನಾನು ತೋರಿಸಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ವೆಲ್ಡರ್ ಸರ್ಟಿಫಿಕೇಟ್ ಮತ್ತು ಅವರ ಕಣ್ಣೆದುರೇ ವೆಲ್ಡ್ ಮಾಡಿದ ಒಂದು ಪೈಪ್ ತುಂಡು. ಪಿಯುಸಿ ಮೆಟ್ಟಿಲು ನಾನು ಹತ್ತಿಲ್ಲ. ಹುಡುಗರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಐಟಿಐ ಆದಮೇಲೆ ಅರಗಾದ ನೌಕಾನೆಲೆ ಕಾಮಗಾರಿಯಲ್ಲಿ ಸಬ್ ಕಾಂಟ್ರಾಕ್ಟರ್ ಕೈಕೆಳಗೆ, ನಂತರ ಗೋವಾದ ವಾಸ್ಕೋದಲ್ಲಿ ಹಡಗು ರಿಪೇರಿಯಲ್ಲಿ ದುಡಿದೆ. ಗೇಟು, ಗ್ರಿಲ್ಲು, ಪ್ಲೇಟು ಮಾಡುವವನಿಗೂ ಪೈಪ್ ವೆಲ್ಡರನಿಗೂ ಸಂಬಳದಲ್ಲಿ ಎಷ್ಟು ಅಂತರವಿದೆ ಎಂದು ಗೊತ್ತಾದದ್ದು ವಾಸ್ಕೋದಲ್ಲೇ. ತೈಲ, ಅನಿಲದ ಕಂಪನಿಗಳಿಗೆ ಬೇಕಾದವನು ಸಿಕ್ಸ್-ಜಿ ವೆಲ್ಡರ್. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು ನಿಲ್ಲಿಸುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ನಾವೇ ಅದರ ಸುತ್ತ ಬಗ್ಗಿ, ಕೂತು, ಎದ್ದು ಕೆಲಸ ಮುಗಿಸಬೇಕು. ರೂಟ್, ಅಂದರೆ ಒಳಗಿನ ಮೊದಲ ಪದರ, ಟಿಗ್‌ನಲ್ಲಿ (ಗ್ಯಾಸ್ ಬಿಟ್ಟು, ತಂತಿಯನ್ನು ಕೈಯಲ್ಲಿ ಕೊಟ್ಟು ಮಾಡುವ ವೆಲ್ಡಿಂಗ್), ಮೇಲಿನ ಪದರಗಳು 7018 ಎಂಬ ವೆಲ್ಡಿಂಗ್ ರಾಡಿನಲ್ಲಿ. ಕಷ್ಟವೆಲ್ಲ ಇರುವುದು ಪೈಪಿನ ತಳದಲ್ಲಿ. ಅಲ್ಲಿ ಕರಗಿದ ಲೋಹ ಕೆಳಗೆ ಜೋತು, ಪೈಪಿನ ಒಳಬದಿಯಲ್ಲಿ ರೂಟ್ ಗುಳಿ ಬೀಳುತ್ತದೆ. ಎರಡು ಪೈಪುಗಳ ನಡುವಿನ ಗ್ಯಾಪ್ ಸುತ್ತಲೂ ಸಮವಾಗಿಟ್ಟು, ಆರ್ಕ್ (ಕರಗಿಸುವ ವಿದ್ಯುತ್ ಕಿಡಿ) ಗಿಡ್ಡ ಹಿಡಿದು, ಫಿಲ್ಲರ್ ತಂತಿಯನ್ನು ಒಳಕ್ಕೆ ಒತ್ತಿ ಕೊಟ್ಟರಷ್ಟೇ ಅದು ತುಂಬುತ್ತದೆ.

ಇದನ್ನು ನನ್ನ ಕೈಗೆ ಹತ್ತಿಸಿದವರು ಅಂಕೋಲಾ ಕಡೆಯ ಒಬ್ಬ ಹಿರಿಯ ವೆಲ್ಡರ್. ಪಾಳಿ ಮುಗಿದ ಮೇಲೆ ತುಂಡು ಪೈಪ್ ಕೊಟ್ಟು ಮಾಡಿಸುತ್ತಿದ್ದರು. ಮೇಲಿನ ಕೊನೆಯ ಪದರ (ಕ್ಯಾಪ್) ಎಷ್ಟು ಚಂದ ಬಂದರೂ ಮಾತಾಡುತ್ತಿರಲಿಲ್ಲ. ಪೈಪ್ ಸೀಳಿಸಿ ಒಳಗಿನ ರೂಟ್ ನೋಡಿದ ಮೇಲೇ ಮಾತು. ಮಳೆಗಾಲದ ನಮ್ಮ ಕರಾವಳಿ ಗಾಳಿಯಲ್ಲಿ 7018 ರಾಡ್ ಬಿಚ್ಚಿಟ್ಟರೆ ತೇವ ಹೀರುತ್ತದೆ, ವೆಲ್ಡಿನೊಳಗೆ ಗಾಳಿಗುಳ್ಳೆ ಉಳಿಯುತ್ತದೆ, ಬಿರುಕೂ ಬರಬಹುದು. ಓವನ್ನಿನ ಬಿಸಿ ರಾಡ್ ಬಿಟ್ಟು ಬೇರೆಯದನ್ನು ಮುಟ್ಟಲು ಅವರು ಬಿಡಲಿಲ್ಲ. ಇಂಥ ಗುರು ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲೇ ಉಳಿಯಿರಿ ಎಂದು ಹುಡುಗರಿಗೆ ಹೇಳುತ್ತೇನೆ.

ಪಾಸ್‌ಪೋರ್ಟ್ ಮಾಡಿಸಲು ಹುಬ್ಬಳ್ಳಿಗೆ ಹೋದೆ. ಹತ್ತನೇ ತರಗತಿ ಪಾಸಾದ ದಾಖಲೆ ಕೊಟ್ಟರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಬೇಕು) ಎಂದು ಬೀಳುವುದಿಲ್ಲ. ಬಿದ್ದರೆ ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು. ಹತ್ತನೇ ತರಗತಿ ಆಗದವರು ಇದಕ್ಕೆ ಹೆದರಬೇಕಿಲ್ಲ. ಆ ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ವಿಮೆಯೂ ಬರುತ್ತದೆ.

ಏಜೆಂಟರ ವಿಷಯದಲ್ಲಿ ನಾನು ಬಹಳ ಬಿಗಿ. ಒಬ್ಬ ಏಜೆಂಟ್ ಮನೆಗೇ ಬಂದು, "ವಿಸಿಟ್ ವೀಸಾದಲ್ಲಿ ದುಬೈಗೆ ಹೋಗು ತಮ್ಮಾ, ಕೆಲಸದ ವೀಸಾ ಅಲ್ಲಿ ಮಾಡಿಸಿ ಕೊಡ್ತೇನೆ" ಎಂದ. ಆಯಿ ಕೊರಳ ಸರ ಅಡವಿಡಲು ತಯಾರಾಗಿದ್ದಳು. ನಾನು ಬೇಡವೆಂದೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲಿಕ್ಕೂ ಕೈಯಲ್ಲಿ ಕಾಗದ ಇರುವುದಿಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು, ಲೈಸೆನ್ಸ್ ಸಂಖ್ಯೆ ಹಾಕಿ ನೋಡಿದೆ. ಅಂಥವರು ಕೂಡ ನಮ್ಮಿಂದ ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನಾನು ರಸೀದಿ ಪಡೆದೇ ಹಣ ಕೊಟ್ಟೆ.

ಟ್ರೇಡ್ ಟೆಸ್ಟ್, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ, ಮುಂಬೈನಲ್ಲಿ. ಕಾರವಾರದಿಂದ ಮತ್ಸ್ಯಗಂಧ ರೈಲಿನಲ್ಲಿ ಹೋದೆ. ನನ್ನದೇ ಹೆಲ್ಮೆಟ್ಟು, ಗ್ರೈಂಡರು, ಬಳಸಿ ಪಳಗಿದ ಕೈಗವಸು ಒಯ್ದಿದ್ದೆ. ಟೆಸ್ಟಿನಲ್ಲಿ ಹೊಸ ಸಾಮಾನಿಗೆ ಕೈ ಒಗ್ಗಿಸಿಕೊಳ್ಳುತ್ತ ಕೂರಲು ಸಮಯ ಇರುವುದಿಲ್ಲ. ಕಂಪನಿಯ ಇನ್‌ಸ್ಪೆಕ್ಟರ್ ಫಿಟ್‌ಅಪ್ (ವೆಲ್ಡಿಗೆ ಮುಂಚೆ ಪೈಪ್ ಜೋಡಿಸಿಟ್ಟ ರೀತಿ) ನೋಡಿದ, ರೂಟ್ ಆದಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿದ, ಕೊನೆಗೆ ತುಂಡು ಎಕ್ಸ್‌ರೇಗೆ ಹೋಯಿತು. ಯಾವ ಕಾಲೇಜು ಎಂದು ಯಾರೂ ಕೇಳಲಿಲ್ಲ.

ಆಫರ್ ಲೆಟರಿನಲ್ಲಿ ನಾನು ನೋಡಿದ್ದು ಹುದ್ದೆಯ ಹೆಸರು, ಮೂಲ ಸಂಬಳ, ಓಟಿ, ಊಟ-ವಸತಿ, ರಜೆಗೆ ಬಂದುಹೋಗುವ ಟಿಕೆಟ್ಟು. ಪೈಪ್ ವೆಲ್ಡರ್ ಎಂದು ಹೇಳಿ ಹೆಲ್ಪರ್ ಎಂದು ಬರೆಯುವವರಿದ್ದಾರೆ. ಕತಾರಿಗೆ ಹೋಗುವವರಿಗೆ ಒಂದು ದೊಡ್ಡ ಅನುಕೂಲವಿದೆ: ಮುಂಬೈ, ಕೊಚ್ಚಿ, ಚೆನ್ನೈ ಮೊದಲಾದ ಕಡೆ ಕತಾರ್ ವೀಸಾ ಸೆಂಟರ್‌ಗಳಿವೆ. ಬೆರಳಚ್ಚು, ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಕರಾರಿಗೆ ಸಹಿ ಎಲ್ಲ ಅಲ್ಲೇ, ನಾವು ಇನ್ನೂ ನಮ್ಮ ದೇಶದಲ್ಲಿರುವಾಗಲೇ ಮುಗಿಯುತ್ತದೆ. ಮುಂಬೈ ಸೆಂಟರಿನಲ್ಲಿ ನಾನು ಆಫರ್ ಲೆಟರನ್ನು ಪಕ್ಕದಲ್ಲಿಟ್ಟುಕೊಂಡು ಕರಾರನ್ನು ಸಾಲು ಸಾಲಾಗಿ ಹೋಲಿಸಿದೆ. ಹಿಂದೆ ನಿಂತವರು ಅವಸರ ಮಾಡಿದರೂ ಬಿಡಲಿಲ್ಲ. ಹೊಂದದಿದ್ದರೆ ಸಹಿ ಹಾಕದೆ ಹಿಂದಿರುಗಲು ಅದೇ ಜಾಗ. ವಿಮಾನ ಇಳಿದಮೇಲೆ ಆ ಅವಕಾಶ ಇಲ್ಲ.

ಕತಾರಿನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ವೇತನ ತಿಂಗಳಿಗೆ 1,000 ರಿಯಾಲ್. ಕಂಪನಿ ವಸತಿ ಕೊಡದಿದ್ದರೆ ಮೇಲೆ 500, ಊಟ ಕೊಡದಿದ್ದರೆ 300. ಸಂಬಳ ಬ್ಯಾಂಕಿಗೇ ಬರಬೇಕು. ಕಂಪನಿ ಬದಲಿಸಲು ಹಳೆಯ ಮಾಲೀಕನ ಎನ್‌ಒಸಿ ಬೇಕೆಂಬ ನಿಯಮವನ್ನು 2020ರಲ್ಲಿ ತೆಗೆದರು. ಇದು ಗೊತ್ತಿಲ್ಲದೆ ಕಡಿಮೆ ಸಂಬಳಕ್ಕೆ ಅಂಟಿಕೊಂಡು ಕೂತ ನಮ್ಮ ಕಡೆಯವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ವೆಲ್ಡಿಂಗ್ ಎಲ್ಲರಿಗೂ ಒಗ್ಗುವ ಕೆಲಸವಲ್ಲ. ನನ್ನ ಅತ್ತೆಯ ಮಗಳು ಶಿರಸಿಯಲ್ಲಿ ರೋಗಿಗಳ ಆರೈಕೆಯ ಕೆಲಸದಲ್ಲಿದ್ದಾಳೆ, ಅವಳಿಗೂ ಡಿಗ್ರಿ ಇಲ್ಲ. ಅವಳಿಗೆ ಜಪಾನಿನ ನಿರ್ದಿಷ್ಟ ಕೌಶಲ ವೀಸಾದ ದಾರಿ ತೋರಿಸಿದ್ದೇನೆ. ಭಾರತ 2021ರಲ್ಲಿ ಅದಕ್ಕೆ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಕೇಳುವುದು ಆ ಕೆಲಸದ ಪರೀಕ್ಷೆ ಮತ್ತು ಎನ್-4 ಮಟ್ಟದ (ಕೆಳಗಿನಿಂದ ಎರಡನೇ ಹಂತದ) ಜಪಾನಿ ಭಾಷೆ. ವೃದ್ಧರ ಆರೈಕೆಗಾದರೆ ಭಾಷೆಯದ್ದೇ ಇನ್ನೊಂದು ಪರೀಕ್ಷೆ. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಆದರೆ ಮನೆಯವರನ್ನು ಕರೆದೊಯ್ಯುವಂತಿಲ್ಲ. ಅದನ್ನೂ ಮೊದಲೇ ಹೇಳಿದ್ದೇನೆ. ಅವಳೀಗ ಜಪಾನಿಯ ಹಿರಗಾನಾ ಲಿಪಿ ಮುಗಿಸಿ ಡಿಸೆಂಬರ್‌ನ ಭಾಷಾ ಪರೀಕ್ಷೆಗೆ ಓದುತ್ತಿದ್ದಾಳೆ.